ಒಂದು ನಿಮಿಷ ಕೂತರೆ

ನಿಮ್ಮ ಮನೆಯ ಆಲ್ಬಮ್ಮುಗಳನ್ನು ಒಮ್ಮೆ ಬಿಚ್ಚಿ ನೋಡಿ. ನಾಮಕರಣ, ಗೃಹಪ್ರವೇಶ, ಪ್ರವಾಸ ಎಲ್ಲವೂ ಇರುತ್ತವೆ. ಮನೆಯಾಕೆ ಮಾತ್ರ ಹೋಳಿಗೆ ಬಡಿಸುವ ಒಂದು ಕೈಯಾಗಿಯೋ, ಬಾಗಿಲಾಚೆ ಸರಿದುಹೋದ ಸೆರಗಾಗಿಯೋ ಉಳಿದಿರುತ್ತಾಳೆ. ನನ್ನ ಅಮ್ಮ ತೀರಿಕೊಂಡಾಗ ಹಾರ ಹಾಕಲು ಒಂದು ಫೋಟೋ ಬೇಕಾಯಿತು. ಹುಡುಕಿದ್ದೇ ಹುಡುಕಿದ್ದು. ಕೊನೆಗೆ ಸಿಕ್ಕಿದ್ದು ಚಿಕ್ಕಪ್ಪನ ಮದುವೆಯ ಗುಂಪು ಚಿತ್ರ; ಅದರ ಮೂರನೆಯ ಸಾಲಿನಲ್ಲಿ ಉಗುರಿನಷ್ಟು ಅಗಲದ ಮುಖ. ಅದನ್ನೇ ದೊಡ್ಡದು ಮಾಡಿಸಿ, ಹುಬ್ಬು ತಿದ್ದಿಸಿ ಗೋಡೆಗೆ ಹಾಕಿದೆವು. ಅಲ್ಲಿರುವಾಕೆ ಇಂದಿಗೂ ನನಗೆ ಯಾರೋ ದೂರದ ನೆಂಟರಂತೆ ಕಾಣುತ್ತಾಳೆ.

ಅಂದಿನಿಂದ ಪ್ರತಿವರ್ಷ ನನ್ನ ಹುಟ್ಟಿದ ಹಬ್ಬಕ್ಕೆ ನನ್ನ ಚಿತ್ರವನ್ನು ನಾನೇ ತೆಗೆದುಕೊಳ್ಳುತ್ತೇನೆ. “ಮೊಬೈಲ್ ಇಲ್ಲವೇ ಅಮ್ಮಾ?” ಎನ್ನುತ್ತಾಳೆ ಮಗಳು. ಇದೆ. ಆದರೆ ಅದರಲ್ಲಿ ಗಳಿಗೆಗೆ ಹತ್ತು ತೆಗೆದು ಒಂಬತ್ತನ್ನು ಅಳಿಸುತ್ತೇವೆ. ಉಳಿಯುವುದು ನಮಗೆ ಒಪ್ಪಿಗೆಯಾದ ನಗು, ನಾವಲ್ಲ.

ತನ್ನ ಚಿತ್ರ ತಾನೇ ತೆಗೆದುಕೊಳ್ಳುವ ಹುಚ್ಚು ಕ್ಯಾಮೆರಾದಷ್ಟೇ ಹಳೆಯದು. 1839ರಲ್ಲಿ ಫಿಲಡೆಲ್ಫಿಯಾದ ರಾಬರ್ಟ್ ಕಾರ್ನೀಲಿಯಸ್ ಎಂಬಾತ ಅಂಗಡಿಯ ಹಿಂದೆ ಕ್ಯಾಮೆರಾ ಇಟ್ಟು, ತಾನೇ ಅದರ ಮುಂದೆ ನಿಂತ. ಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ ಉಮರಾವ್ ಸಿಂಗರು ದಶಕಗಳ ಕಾಲ ತಮ್ಮದೇ ಚಿತ್ರಗಳನ್ನು ತೆಗೆದುಕೊಂಡರು. ಷಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕಿದ್ದ ವಿವಿಯನ್ ಮೇಯರ್ ಅಂಗಡಿಯ ಗಾಜಿನಲ್ಲಿ, ಕನ್ನಡಿಯಲ್ಲಿ, ನೆರಳಿನಲ್ಲಿ ತನ್ನನ್ನೇ ಹಿಡಿದಿಟ್ಟಳು. ಆ ಚಿತ್ರಗಳ ಪೆಟ್ಟಿಗೆಗಳು 2007ರಲ್ಲಿ ಹರಾಜಿಗೆ ಬಂದಮೇಲಷ್ಟೇ ಜಗತ್ತಿಗೆ ಆಕೆಯ ಗುರುತಾದದ್ದು. 2009ರಲ್ಲಿ ಆಕೆ ತೀರಿಕೊಂಡಳು.

ಮೊದಲು ನಾನೂ ಅಪ್ಪನ ಆಗ್ಫಾ ಕ್ಲಿಕ್ ಥ್ರೀ ಹಿಡಿದು ಕನ್ನಡಿಯ ಮುಂದೆ ನಿಂತವಳೇ. 120ರ ರೋಲು, ಹನ್ನೆರಡೇ ಚಿತ್ರ. ಆಮೇಲೆ ಇನ್ನೂ ಕೆಳಗಿಳಿದು ಹಾಲಿನ ಪುಡಿಯ ಡಬ್ಬಕ್ಕೆ ಬಂದೆ. ಡಬ್ಬದ ಒಳಗೆಲ್ಲ ಕಪ್ಪು ಬಣ್ಣ ಬಳಿಯಬೇಕು. ಪಕ್ಕದಲ್ಲಿ ಕಿಟಕಿಯಂತೆ ಕತ್ತರಿಸಿ, ತೆಳು ತಗಡಿಗೆ ಹೊಲಿಗೆ ಸೂಜಿಯ ತುದಿಯಿಂದ ತೂತು ಮಾಡಿ, ಎಮರಿ ಕಾಗದದಲ್ಲಿ ನಯಮಾಡಿ ಅಂಟಿಸಬೇಕು. ತೂತು ಅರ್ಧ ಮಿಲಿಮೀಟರಿಗೂ ಸಣ್ಣದಿರಲಿ. ರಾತ್ರಿ ಬಚ್ಚಲುಮನೆಯ ಕೆಂಪು ಬಲ್ಬಿನಡಿಯಲ್ಲಿ, ತೂತಿನ ಎದುರಿಗೆ ಬರುವಂತೆ ಫೋಟೋ ಕಾಗದ ಬಗ್ಗಿಸಿಟ್ಟು ಮುಚ್ಚಳ ಹಾಕಿ, ತೂತಿಗೆ ಕಪ್ಪು ಟೇಪು ಹಚ್ಚಿದರೆ ಕ್ಯಾಮೆರಾ ಸಿದ್ಧ. ಲೆನ್ಸಿಲ್ಲ, ಗುಂಡಿಯಿಲ್ಲ, ಬ್ಯಾಟರಿಯಿಲ್ಲ.

ಬೆಳಿಗ್ಗೆ ತಾರಸಿಯ ಮೇಲೆ ಡಬ್ಬವಿಟ್ಟು, ಟೇಪು ಕಿತ್ತು, ಓಡಿಹೋಗಿ ಎದುರಿನ ಕುರ್ಚಿಯಲ್ಲಿ ಕೂರುತ್ತೇನೆ. ಒಳ್ಳೆಯ ಬಿಸಿಲಿದ್ದರೆ ಸುಮಾರು ಒಂದು ನಿಮಿಷ ಸಾಕು. ಇದರಲ್ಲೊಂದು ವಿಚಿತ್ರವಿದೆ. ಓಡಿದವಳು ಚಿತ್ರದಲ್ಲಿ ಬರುವುದೇ ಇಲ್ಲ! ಅಷ್ಟು ಸಣ್ಣ ತೂತಿನಿಂದ ಬರುವ ಬೆಳಕು ಕಾಗದದ ಮೇಲೆ ಗುರುತು ಮೂಡಿಸಲು ಹೊತ್ತು ಬೇಕು. ಅಷ್ಟು ಹೊತ್ತು ಒಂದು ಕಡೆ ನಿಲ್ಲದವರು ಅದರ ಲೆಕ್ಕಕ್ಕಿಲ್ಲ. ದಿನವಿಡೀ ಅಡುಗೆಮನೆ, ಬಾವಿಕಟ್ಟೆ, ಹಿತ್ತಿಲು ಎಂದು ಓಡಾಡಿದ ಅಮ್ಮ ಯಾಕೆ ಯಾವ ಚಿತ್ರದಲ್ಲೂ ಇಲ್ಲವೆಂದು ಈ ಡಬ್ಬ ನನಗೆ ಅದರದೇ ಭಾಷೆಯಲ್ಲಿ ಹೇಳಿತು.

ಒಂದು ವರ್ಷ ನಡುವೆಯೇ ಕೆಳಗಿನಿಂದ ಅತ್ತೆಯವರು ಕೂಗಿದರು. ಎದ್ದುಹೋದೆ. ಬಂದ ಚಿತ್ರದಲ್ಲಿ ನನ್ನ ಎದೆಯೊಳಗಿಂದ ಕುರ್ಚಿಯ ಬೆತ್ತದ ಹೆಣಿಗೆ ಕಾಣುತ್ತಿತ್ತು. “ದೆವ್ವದ ಹಾಗಿದ್ದೀಯ” ಎಂದರು ನಮ್ಮವರು. ಹರಿದುಹಾಕಲು ಮನಸ್ಸು ಬರಲಿಲ್ಲ. ಅರ್ಧ ಕೂತು ಅರ್ಧ ಎದ್ದವಳ ಚಿತ್ರ ಅದಕ್ಕಿಂತ ಸರಿಯಾಗಿ ಬರುವುದಾದರೂ ಹೇಗೆ?

ಕಾಗದವನ್ನು ಡೆವಲಪರಿನಲ್ಲಿ ಅದ್ದಿದಾಗ ಮೊದಲು ಮೂಡುವುದು ನೆಗೆಟಿವ್. ಮುಖ ಕಪ್ಪು, ನನ್ನ ನರೆತ ತಲೆಯೋ ಮಿರಮಿರ ಕಪ್ಪು! ಖರ್ಚಿಲ್ಲದ ಡೈ ಎಂದು ನಗು ಬರುತ್ತದೆ. ಅದರಲ್ಲಿ ನನ್ನ ಎಡಗೆನ್ನೆಯ ಮಚ್ಚೆ ಕನ್ನಡಿಯಲ್ಲಿ ಕಂಡ ಕಡೆಯೇ ಇರುತ್ತದೆ. ಆ ಕಾಗದಕ್ಕೆ ಇನ್ನೊಂದು ಕಾಗದವನ್ನು ಮುಖಕ್ಕೆ ಮುಖ ಕೊಟ್ಟು ಬೆಳಕು ತೋರಿಸಿ ಪ್ರಿಂಟು ಹಾಕಿದರೆ ತಲೆ ಬೆಳ್ಳಗಾಗುತ್ತದೆ, ಮಚ್ಚೆ ಆಚೆ ಕಡೆಗೆ ಹೋಗುತ್ತದೆ. ಮೊದಲನೆಯದು ನಾನು ಬಲ್ಲ ಮುಖ, ಎರಡನೆಯದು ಮನೆಮಂದಿ ದಿನವೂ ನೋಡುವ ಮುಖ. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುತ್ತಾರೆ. ಮುಖಕ್ಕೆ ಕನ್ನಡಿಯೂ ಸಾಲದೆಂದು ನನಗೆ ತಿಳಿದದ್ದು ಹೀಗೆ. ಆ ಎರಡನೆಯ ಮುಖ ಪಕ್ಕಾ ಅಮ್ಮನದು. ಗೋಡೆಯ ಮೇಲಿನ ಪಟದಲ್ಲಿ ಸಿಗದ ಅಮ್ಮ ನನ್ನ ಬಚ್ಚಲುಮನೆಯ ಟ್ರೇಯಲ್ಲಿ ಸಿಕ್ಕಿದಳು.

ಈಗ ಹನ್ನೊಂದು ಚಿತ್ರಗಳಾಗಿವೆ. ಈ ವರ್ಷ ಡಬ್ಬ ಹಿಡಿದು ಮೆಟ್ಟಿಲು ಹತ್ತುವಾಗ ಅತ್ತೆಯವರು ತಡೆದರು. “ಏನೇ, ನನ್ನದೂ ಒಂದು ತೆಗೀತೀಯೇನೇ?” ಅವರಿಗೆ ಎಂಬತ್ತೆರಡು. ಕೈಹಿಡಿದು ಹತ್ತಿಸಿ, ಸೆರಗು ಸರಿಮಾಡಿ ಕೂರಿಸಿದೆ. ರೆಪ್ಪೆ ಬಡಿದರೆ ಪರವಾಗಿಲ್ಲ, ಅಲ್ಲಾಡಬೇಡಿ ಎಂದೆ. ಅರವತ್ತು ಎಣಿಸಿ ಟೇಪು ಹಚ್ಚಿ, “ಆಯಿತು, ಏಳಿ ಅತ್ತೆ” ಎಂದೆ.

“ಇರಲಿ ಬಿಡೇ, ಇನ್ನೊಂದು ಗಳಿಗೆ ಕೂತಿರ್ತೀನಿ” ಎಂದರು.