ನಾಲ್ಕನೇ ವಿಳಾಸ

ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಮ್ಮಿನಲ್ಲಿ ಗಂಟೆಯಾಗುವ ಹೊತ್ತಿಗೆ ಜನ ಒಂದು ಗಡಿಯಾರದ ಮುಂದೆ ಸೇರುತ್ತಾರೆ. ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ ಕಂಪನಿಯ ಗಡಿಯಾರ. ಪುಟ್ಟ ಬೊಂಬೆಯೊಂದು ಹೊರಬಂದು, ಗಂಟೆ ಬಾರಿಸಿ, ಒಳಗೆ ಹೋಗುತ್ತದೆ. ಒಳಗಿರುವಾಗ ಅದು ಏನು ಮಾಡುತ್ತದೆ ಎಂದು ಯಾರೂ ಕೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಬಂದರಾಯಿತು.

ಇಂಥದ್ದೇ ಬೊಂಬೆಯಾಟ ಅದೇ ಊರಿನ ಸರ್ವರುಗಳಲ್ಲೂ ನಡೆಯುತ್ತಿದೆ. ಗಚ್ಚಿಬೌಲಿ, ಮಾದಾಪುರದ ಕಚೇರಿಗಳಲ್ಲಿ ಕೂತವರು, ಅವರಲ್ಲಿ ರಾಯಚೂರು, ಬೀದರ್, ಕಲಬುರಗಿ ಕಡೆಯವರೂ ಇದ್ದಾರೆ, ದಿನವೂ ಬಳಸುವ ಕಂಪ್ಯೂಟರುಗಳಲ್ಲಿ ಎಷ್ಟೋ ವರ್ಚುಯಲ್ ಮಷೀನುಗಳು. 2022ರ ನವೆಂಬರಿನಲ್ಲಿ ಅಮೆಜಾನ್ ತನ್ನ ಕ್ಲೌಡ್‌ನ ಒಂದು ಪ್ರಾದೇಶಿಕ ಕೇಂದ್ರವನ್ನೇ ಹೈದರಾಬಾದಿನಲ್ಲಿ ತೆರೆಯಿತು. ಒಂದು ಸರ್ವರನ್ನು ಹಲವು ಬಾಡಿಗೆದಾರರಿಗೆ ಹಂಚಿ, ಇಡೀ ಯಂತ್ರ ನಿನ್ನದೇ ಎಂದು ಪ್ರತಿಯೊಬ್ಬನನ್ನೂ ನಂಬಿಸುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಡಿಸ್ಕಿನ ವಿಷಯದಲ್ಲಿ ನಂಬಿಸುವುದು ಸುಲಭ, ತುಸು ತಡವಾದರೂ ನಡೆದೀತು. ಗಡಿಯಾರದಲ್ಲಿ ಆ ರಿಯಾಯಿತಿ ಇಲ್ಲ.

1981ರ ಐಬಿಎಂ ಪಿಸಿಯಲ್ಲಿ ಇಂಟೆಲ್ 8253 ಎಂಬ ಟೈಮರ್ ಚಿಪ್ ಇತ್ತು. ಅದರಲ್ಲಿ ಮೂರು ಕೌಂಟರು. ಕೊಟ್ಟ ಸಂಖ್ಯೆಯಿಂದ ಸೆಕೆಂಡಿಗೆ ಸುಮಾರು 11,93,182 ಸಲ ಕೆಳಗಿಳಿಯುತ್ತಾ ಎಣಿಸುವುದು ಅವುಗಳ ಕೆಲಸ. ಈ ವಿಚಿತ್ರ ಸಂಖ್ಯೆಯ ಮೂಲ ಅಮೆರಿಕದ ಕಲರ್ ಟಿವಿ: ಅದಕ್ಕೆ ಹೊಂದುವ 14.31818 ಮೆಗಾಹರ್ಟ್ಸ್ ಸ್ಫಟಿಕವನ್ನೇ ಪಿಸಿಗೂ ಹಾಕಿ 12ರಿಂದ ಭಾಗಿಸಿದರು. ಚಿಪ್ ಹಳತಾದರೂ ಅದರ ವೇಷ ಹಾಕುವುದು ಹೈಪರ್‌ವೈಸರುಗಳಿಗೆ ತಪ್ಪಿಲ್ಲ.

ಈ ವೇಷದಲ್ಲಿ ಯಾರೂ ಕೂತು ಎಣಿಸುವುದಿಲ್ಲ. ಬಾಡಿಗೆದಾರ ರಿಜಿಸ್ಟರ್ ಓದಿದಾಗ ಮಾತ್ರ ಲೆಕ್ಕ. ಕಳೆದ ನ್ಯಾನೋಸೆಕೆಂಡುಗಳನ್ನು 1193182ರಿಂದ ಗುಣಿಸಿ, ನೂರು ಕೋಟಿಯಿಂದ ಭಾಗಿಸಿ, ಆರಂಭದ ಸಂಖ್ಯೆಯಿಂದ ಕಳೆಯುವುದು. ಶಾಲೆಯ ಗಣಿತ. ಆದರೆ ಆ ಗುಣಲಬ್ಧ ಸುಮಾರು 4 ಗಂಟೆ 17 ನಿಮಿಷಕ್ಕೆ 64 ಬಿಟ್‌ಗಳನ್ನು ಮೀರಿ ಚೆಲ್ಲುತ್ತದೆ. ಬೆಳಿಗ್ಗೆ ಪರೀಕ್ಷಿಸಿ ಸರಿಯಿದೆ ಎಂದವನ ಗಡಿಯಾರ ಮಧ್ಯಾಹ್ನ ಹುಚ್ಚಾಡೀತು. ಅದಕ್ಕೇ ಈ ಗುಣಾಕಾರವನ್ನು ತುಂಡು ಮಾಡಿ ನಡೆಸುತ್ತಾರೆ.

ಓದುವುದರಲ್ಲೂ ತೊಡಕಿದೆ. ಕೌಂಟರು 16 ಬಿಟ್, ಪೋರ್ಟು 8 ಬಿಟ್. ಮೊದಲು ಕೆಳಗಿನ ಬೈಟು, ಆಮೇಲೆ ಮೇಲಿನದು. ಎಣಿಕೆ 256 ಇದ್ದಾಗ ಕೆಳಗಿನ ಬೈಟು ಸೊನ್ನೆ. ಮೇಲಿನದಕ್ಕೆ ಕೈಹಾಕುವಷ್ಟರಲ್ಲಿ ಎಣಿಕೆ 255ಕ್ಕೆ ಇಳಿದರೆ ಅದೂ ಸೊನ್ನೆ. 256 ಇದ್ದದ್ದು 0 ಆಗಿ ಕೈಸೇರಿತು! ಹಾಗಾಗದಿರಲೆಂದೇ ಚಿಪ್ಪಿನಲ್ಲಿ ಲ್ಯಾಚ್ ಎಂಬ ಆಜ್ಞೆ ಇದೆ: ಎಣಿಕೆ ಓಡುತ್ತಿರಲಿ, ಈ ಕ್ಷಣದ ಪ್ರತಿಯೊಂದನ್ನು ಎತ್ತಿಟ್ಟುಕೋ ಎಂದು. ಆ ಪ್ರತಿಯನ್ನೂ, ಯಾವ ಬೈಟು ಓದಿಯಾಗಿದೆ ಎಂಬುದನ್ನೂ ಹೈಪರ್‌ವೈಸರ್ ನೆನಪಿಡಬೇಕು. ಎರಡು ಬೈಟುಗಳ ನಡುವೆಯೇ ವರ್ಚುಯಲ್ ಮಷೀನನ್ನು ಬೇರೆ ಸರ್ವರಿಗೆ ಸಾಗಿಸಿದರೆ ಆ ನೆನಪೂ ಜೊತೆಗೇ ಹೋಗಬೇಕು.

ಇಷ್ಟೆಲ್ಲ ಸಭ್ಯ ಬಾಡಿಗೆದಾರನ ಮಾತಾಯಿತು. ಕೌಂಟರುಗಳ ಪೋರ್ಟುಗಳು ಹೆಕ್ಸಾಡೆಸಿಮಲ್ 40, 41, 42. ಆಜ್ಞೆ ಕೊಡುವ ಪೋರ್ಟು 43. ಆಜ್ಞೆಯನ್ನು ಬರೆಯುತ್ತಾರೆ, ಯಾರೂ ಓದುವುದಿಲ್ಲ. ಓದಿದರೆ ಏನು ಸಿಗುತ್ತದೆ ಎಂಬುದಕ್ಕೆ ನಿಯಮವೇ ಇಲ್ಲ. ಲಿನಕ್ಸಿನ ಹೈಪರ್‌ವೈಸರ್ ಆದ ಕೆವಿಎಂನಲ್ಲಿ ಈ ಟೈಮರಿನ ವೇಷ ಕರ್ನಲ್ಲಿನ ಒಳಗೇ ನಡೆಯುತ್ತದೆ, ವೇಗಕ್ಕಾಗಿ. ಅಲ್ಲಿ ಮೂರು ಕೌಂಟರುಗಳಿಗೆ ಮೂರು ಮನೆಗಳ ಪಟ್ಟಿ. ಯಾರಾದರೂ 43ನ್ನು ಓದಿದರೆ ಕೋಡು ಇಲ್ಲದ ನಾಲ್ಕನೇ ಮನೆಗೆ ಹೋಗುತ್ತಿತ್ತು, ಅಲ್ಲಿದ್ದ ಬೇರೆ ಯಾವುದೋ ಮಾಹಿತಿಯನ್ನು ಕೌಂಟರೆಂದು ತಿಳಿಯುತ್ತಿತ್ತು.

ಬಾಡಿಗೆದಾರ ತನ್ನ ಯಂತ್ರದೊಳಗೆ ಪೋರ್ಟುಗಳ ಒಂದು ಫೈಲನ್ನು ಓದಲು ಹೊರಟರೆ ಸಾಕು, ಆತಿಥೇಯ ಸರ್ವರೇ ಕುಸಿಯಬಹುದಿತ್ತು. ಅದರ ಮೇಲೆ ಬ್ಯಾಂಕಿನದೋ ಆಸ್ಪತ್ರೆಯದೋ ಯಂತ್ರ ಓಡುತ್ತಿದ್ದರೆ ಅದೂ ಜೊತೆಗೆ. 2010ರಲ್ಲಿ ಇದು ಸಿವಿಇ-2010-0309 ಎಂದು ದಾಖಲಾಯಿತು. ಕೌಂಟರಿನ ಲೆಕ್ಕ ಒಂದು ಟಿಕ್ ಕೂಡ ತಪ್ಪಿರಲಿಲ್ಲ, ತಪ್ಪಿದ್ದು ಯಾರೂ ಕೇಳದ ಪ್ರಶ್ನೆಯಲ್ಲಿ. ಲೆಕ್ಕ ಬಲ್ಲ ಎಂಜಿನಿಯರುಗಳು ಸಿಗುತ್ತಾರೆ. ಬಾಡಿಗೆದಾರನ ಕೇಡಿತನವನ್ನು ಮೊದಲೇ ಊಹಿಸುವವರು ಕಡಿಮೆ.

ದುರಸ್ತಿ ಎರಡೇ ಸಾಲು. ಓದುವ ವಿಳಾಸ ಆ ನಾಲ್ಕನೆಯದಾದರೆ, ಸೊನ್ನೆ ಕೊಟ್ಟು ಹಿಂದಿರುಗು.