ಒಸಡಿಗೆ ಸೀಬೆ ಎಲೆ

ನಮ್ ಸೋಲೂರು ಕಡೆ ಒಸಡು ಊದ್ಕೊಂಡ್ರೆ ಮೊದ್ಲು ಸೀಬೆ ಗಿಡದ ಹತ್ರ ಓಡ್ತೀವಿ. ಎಳೇ ಎಲೆ ಏಳೆಂಟು ಕಿತ್ತು, 2 ಲೋಟ ನೀರು 1 ಲೋಟ ಆಗೋವರ್ಗೂ ಕುದಿಸಿ, ಚಿಟಿಕೆ ಉಪ್ಪು ಹಾಕಿ ಬೆಚ್ಚಗೆ ಮುಕ್ಕಳಿಸೋದು. ಎಲೆಯ ಒಗರು ಒಸಡನ್ನ ಬಿಗಿ ಮಾಡುತ್ತೆ. ಗೊಬ್ಬಳಿ ಚಕ್ಕೆಗೂ ಅದೇ ಗುಣ.

ನಮ್ಮತ್ತೆ ದಿನಾ ಬೇವಿನ ಕಡ್ಡಿಯಲ್ಲೇ ಉಜ್ಜೋರು. ತುದಿ ಜಗಿದು ಮೆತ್ತಗೆ ಮಾಡ್ಕೊಂಡು, ಇಲ್ದಿದ್ರೆ ಒಸಡು ತರಚುತ್ತೆ. ಅಂಥೋರಿಗೂ ಹೋದ್ ವರ್ಷ ಬೆಳಗೆದ್ದು ಉಗುಳಿದ್ರೆ ರಕ್ತ. ಎಂಟು ದಿನ ಮುಕ್ಕಳಿಸಿದ್ರು. ಊತ ಇಳೀತು, ರಕ್ತ ನಿಲ್ಲಲಿಲ್ಲ. ಹಲ್ಲಿನ ಡಾಕ್ಟ್ರು ನೋಡಿ, ಹಲ್ಲಿನ ಬುಡದಲ್ಲಿ ಪಾಚಿ ಕಲ್ಲಾಗೈತೆ ಅಂತ ಕೆರೆದು ತೆಗೆದ್ರು. ರಕ್ತ ಪರೀಕ್ಷೆ ಮಾಡ್ಸಿದ್ರೆ ಸಕ್ಕರೆ ಕಾಯಿಲೇನೂ ಸಿಕ್ತು!

ಆ ಕಲ್ಲು ಯಾವ ಸೊಪ್ಪಿಗೂ ಕರಗಲ್ಲ ಕಣ್ರಮ್ಮ. ಅತ್ತೆ ಈಗ ಹೊಗೆಸೊಪ್ಪು ಬಿಟ್ಟವ್ರೆ, ಸೀಬೆ ನೀರು ಬಿಟ್ಟಿಲ್ಲ. ಒಂದು ವಾರ ಆದ್ರೂ ರಕ್ತ ಬರ್ತಿದ್ರೆ, ಹಲ್ಲು ಅಲ್ಲಾಡ್ತಿದ್ರೆ, ತಡ ಮಾಡ್ದೆ ಡಾಕ್ಟ್ರಿಗೆ ತೋರ್ಸಿ.