ಟೇಪು ಹಿಡಿಯದ ಹೊಲಿಗೆ

ನಮ್ಮ ಕಾಲೇಜಿನಲ್ಲಿ ಓದುವವರ ಮನೆಗಳಲ್ಲಿ ಕೌದಿ ಇಲ್ಲದ ಮನೆ ಹುಡುಕಿದರೂ ಸಿಗಲಿಕ್ಕಿಲ್ಲ. ಹಾನಗಲ್ಲಿನವರಿರಲಿ, ಶಿಗ್ಗಾಂವಿಯವರಿರಲಿ, ಸವಣೂರು ಹಿರೇಕೆರೂರಿನವರಿರಲಿ, ಅಟ್ಟದ ಮೇಲೋ ಟ್ರಂಕಿನೊಳಗೋ ಒಂದಾದರೂ ಇರುತ್ತದೆ. ಆದರೆ ಅದನ್ನು ಯಾರೂ ಕಲೆ ಅನ್ನುವುದಿಲ್ಲ. ಹೈಸ್ಕೂಲಿನ ಡ್ರಾಯಿಂಗ್ ಪಿರಿಯಡ್ಡಿನಲ್ಲಿ ಡಿಸೈನ್ ಎಂದರೆ ಸ್ಕೇಲು, ಕಂಪಾಸು, ನಡುವೆ ಒಂದು ಗೆರೆ, ಎಡಕ್ಕೆ ಏನಿದೆಯೋ ಬಲಕ್ಕೂ ಅದೇ. ಕೌದಿಯಲ್ಲಿ ಎಡಕ್ಕಿದ್ದದ್ದು ಬಲಕ್ಕೆ ಇರುವುದೇ ಇಲ್ಲ. ಹಾಗಾಗಿ ನಾನೂ ಬಹಳ ದಿನ ಅದನ್ನು ಹೊದೆಯುವ ವಸ್ತು ಎಂದಷ್ಟೇ ತಿಳಿದಿದ್ದೆ.

ಅಬ್ಬಾ ಸವಣೂರಿನಲ್ಲಿ ಟೇಲರ್. ಅಂಗಡಿಯ ಮೂಲೆಯಲ್ಲಿ ಒಂದು ಗೋಣಿಚೀಲವಿದೆ, ಕತ್ತರಿಸಿ ಉಳಿದ ತುಂಡುಗಳೆಲ್ಲ ಅದಕ್ಕೆ. ಮೇ ಕೊನೆಯಿಂದ ಜುಲೈ ತನಕ ಯೂನಿಫಾರ್ಮ್ ಸೀಸನ್ ಆದ್ದರಿಂದ ಚೀಲದ ತುಂಬ ನೀಲಿ, ಬಿಳಿ, ಬೂದು, ಕಂದು, ಚೌಕುಳಿ. ಯಾವ ಶಾಲೆ ಯಾವ ವರ್ಷ ಬಣ್ಣ ಬದಲಾಯಿಸಿತು ಎಂದು ಅಬ್ಬಾ ಆ ಚೀಲ ನೋಡಿಯೇ ಹೇಳುತ್ತಾರೆ. ಬೇಸಿಗೆಯಲ್ಲಿ ಕೆಳಗಿನ ತನಕ ಕೈ ಹಾಕಿದರೆ ಒಂದು ಪದರು ಬೇರೆಯೇ ಸಿಗುತ್ತದೆ. ತೆಳ್ಳನೆಯ ಹತ್ತಿ ಬಟ್ಟೆ, ಅಂಗೈ ಅಗಲದ ತುಂಡುಗಳು, ಸಣ್ಣ ಹೂವಿನ ಪ್ರಿಂಟು. ಅದು 2020ರದು. ಆ ಜೂನ್‌ನಲ್ಲಿ ಶಾಲೆಗಳು ತೆರೆಯಲಿಲ್ಲ, ಯೂನಿಫಾರ್ಮ್ ಹೊಲಿಸುವವರು ಬರಲಿಲ್ಲ. ಅಬ್ಬಾ ಮತ್ತು ನನ್ನ ಆಪಾ ಕೂತು ಮಾಸ್ಕ್ ಹೊಲಿದರು. ಆಪಾ ಅದೇ ವರ್ಷ ಜೂನ್ ಕೊನೆಗೆ ಮಾಸ್ಕ್ ಹಾಕಿಕೊಂಡೇ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಪಾಸಾದಳು. ನಂತರ ಕಾಲೇಜಿಗೆ ಹೋಗಲಿಲ್ಲ. ಆ ವರ್ಷ ಬೇಡ, ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ ಅಂಗಡಿ ಇನ್ನೂ ಚೇತರಿಸಿಕೊಂಡಿರಲಿಲ್ಲ. ಅದರ ಮುಂದಿನ ವರ್ಷ ಆ ಮಾತನ್ನೇ ಯಾರೂ ಎತ್ತಲಿಲ್ಲ.

ಈಗ ಅವಳು ಹಿರೇಕೆರೂರಿನ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ. ಮಗುವಿಗೆ ಕೌದಿ ಬೇಕು. ಮನೆಯಲ್ಲಿ ಕೌದಿ ಹೊಲಿಯುವವರು ನಾನಿ. ಅವರ ಎಡಗಣ್ಣಿನ ಆಪರೇಷನ್ ಆಗಿದೆ, ಬಲಗಣ್ಣಿನ ಪೊರೆ ಹಾಗೇ ಇದೆ. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದವರು ಈ ಸಲ ಸೂಜಿಯನ್ನೇ ನನ್ನ ಕೈಗೆ ಕೊಟ್ಟರು.

ಹೊಲಿಯುವ ಕ್ರಮ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಕೆಳಗೆ ಒಂದು ಹಳೆಯ ಸೀರೆ ಹಾಸುತ್ತಾರೆ. ಅದರ ಮೇಲೆ ಹರಿದ ಲುಂಗಿ, ದುಪಟ್ಟಾ, ಧೋತರ, ಏನಿದೆಯೋ ಅದು ಪದರಾಗಿ ಬೀಳುತ್ತದೆ. ಎಲ್ಲಕ್ಕಿಂತ ಮೇಲೆ ತುಂಡುಗಳು. ನಾನಿ ಒಂದು ಮೂಲೆಯಿಂದ ಶುರು ಮಾಡಿ ಅಂಚಿನುದ್ದಕ್ಕೂ ತುಂಡು ಇಡುತ್ತ, ಅದರ ಅಂಚನ್ನು ಬೆರಳಿನಿಂದ ಒಳಗೆ ಮಡಚುತ್ತ, ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಹೋಗುತ್ತಾರೆ. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು ಸುತ್ತು. ಹೀಗೆ ಸುತ್ತಿ ಸುತ್ತಿ ನಡುವಿಗೆ ಬರಬೇಕು. ಎಲ್ಲರೂ ಹೀಗೇ ಹೊಲಿಯುತ್ತಾರೆಂದಲ್ಲ. ಎದುರುಮನೆಯ ಆಯಿ ಈ ತುದಿಯಿಂದ ಆ ತುದಿಗೆ ನೇಗಿಲ ಸಾಲಿನ ಹಾಗೆ ಹೊಲಿಗೆ ಹಾಕುತ್ತಾರೆ. ಆದರೆ ಇಬ್ಬರೂ ಒಂದು ವಿಷಯದಲ್ಲಿ ಒಂದೇ. ಮೊದಲು ಚಿತ್ರ ಬರೆಯುವುದಿಲ್ಲ, ತುಂಡುಗಳನ್ನು ಮುಂಚೆಯೇ ಜೋಡಿಸಿಟ್ಟು ನೋಡುವುದಿಲ್ಲ, ಟೇಪು ಹಿಡಿಯುವುದಿಲ್ಲ. ದಿನವಿಡೀ ಕೊರಳಲ್ಲಿ ಟೇಪು ಹಾಕಿಕೊಂಡೇ ಇರುವ ಅಬ್ಬಾಗೆ ಇದನ್ನು ನೋಡಿದರೆ ಕೈ ಕಡಿಯುತ್ತದೆ.

ಮುಂದಿನ ತುಂಡು ಯಾವುದೆಂದು ಹೇಗೆ ಗೊತ್ತಾಗುತ್ತದೆ ಎಂದು ನಾನು ಕೇಳಿದೆ. ನಾನಿ ಉರ್ದುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುವುದಾದರೆ, "ಈಗ ಇಟ್ಟ ತುಂಡನ್ನು ಕೇಳು." ಆಯಿಯನ್ನು ಕೇಳಿದರೆ ಅವರು ನಕ್ಕರು. "ಅಷ್ಟ್ ದೂರದ ವಿಚಾರ ಯಾಕ್ ಮಾಡ್ತೀಯವಾ, ಕೈಯಾಗ ಏನೈತಿ ಅದನ್ನ ಹಚ್ಚು. ಸಾಲಲಿಲ್ಲಂದ್ರ ಮತ್ತೊಂದು ಹಚ್ಚು."

ಇದಕ್ಕೆ ಅಮೆರಿಕದಂಥ ಕಡೆ ಈಗ ದೊಡ್ಡ ಹೆಸರಿದೆ. ಮಾಡರ್ನ್ ಕ್ವಿಲ್ಟಿಂಗ್ ಎನ್ನುತ್ತಾರೆ, ಅದರಲ್ಲೂ ಸ್ಕೇಲು ಬದಿಗಿಟ್ಟು ತೋಚಿದ ಹಾಗೆ ಕತ್ತರಿಸಿ ಜೋಡಿಸುವುದಕ್ಕೆ ಇಂಪ್ರೊವೈಸೇಷನ್ ಎನ್ನುತ್ತಾರೆ. ಅದಕ್ಕೆ ಪುಸ್ತಕಗಳಿವೆ, ತರಗತಿಗಳಿವೆ. ನಮಗೆ ಆ ಪದ ಹೊಸದಾದರೂ ವಿಷಯ ಹಳೆಯದು. ಹಾನಗಲ್ ಎಂಬ ಹೆಸರನ್ನು ದೇಶವೆಲ್ಲ ಕೇಳುವಂತೆ ಮಾಡಿದ ಗಂಗೂಬಾಯಿ ಹಾನಗಲ್ ಅವರು ಹಾಡುತ್ತಿದ್ದ ಕಿರಾನಾ ಘರಾಣೆಯಲ್ಲಿ ರಾಗವನ್ನು ಒಂದೊಂದೇ ಸ್ವರವಾಗಿ ನಿಧಾನಕ್ಕೆ ಬಿಡಿಸುತ್ತಾರೆ. ರಾಗದ ಸ್ವರಗಳನ್ನು ದಾಟುವಂತಿಲ್ಲ, ಆದರೆ ಅವುಗಳೊಳಗೆ ಮುಂದಿನ ಹೆಜ್ಜೆ ಎಲ್ಲಿಗೆಂದು ಯಾರೂ ಬರೆದುಕೊಟ್ಟಿರುವುದಿಲ್ಲ. ಅಬ್ಬಾ ಅಂಗಡಿಯ ಗೋಣಿಚೀಲ ನನ್ನ ಪಾಲಿನ ರಾಗ ಎಂದರೆ ಸಂಗೀತ ಬಲ್ಲವರು ಸಿಟ್ಟಾಗಬಾರದು.

ನಾನಿ ಹೊಲಿಯುವ ಕ್ರಮದಲ್ಲೇ ಹೊಲಿಯುವವರು ನಮ್ಮ ಪಕ್ಕದಲ್ಲೇ ಇದ್ದಾರೆ ಎಂಬುದು ನನಗೆ ಗೊತ್ತಾದದ್ದು ಈಚೆಗೆ. ಬಂಕಾಪುರ ದಾಟಿ ಮುಂಡಗೋಡದ ಕಡೆ ಹೋದರೆ ಕಾಡು ಶುರುವಾಗುತ್ತದಲ್ಲ, ಆ ಮುಂಡಗೋಡ, ಯಲ್ಲಾಪುರ, ಹಳಿಯಾಳದ ಹಳ್ಳಿಗಳಲ್ಲಿ ಸಿದ್ದಿ ಜನ ಇದ್ದಾರೆ. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರ, ಬಹಳಷ್ಟು ಮಂದಿ ಗುಲಾಮರಾಗಿ ತರಲ್ಪಟ್ಟವರ ವಂಶ. ಅವರಲ್ಲಿ ಮುಸ್ಲಿಮರೂ ಹಿಂದೂಗಳೂ ಕ್ರೈಸ್ತರೂ ಇದ್ದಾರೆ, ಮೂವರ ಮನೆಯಲ್ಲೂ ಕೌದಿ ಇದೆ. ಅಂಚಿನಿಂದ ಶುರು ಮಾಡಿ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಚಿದ ತ್ರಿಕೋನದ ತುಂಡುಗಳನ್ನು ಒಂದರ ಮೇಲೊಂದಿಟ್ಟು ಹೂವು ಮಾಡುತ್ತಾರೆ, ಅದಿಲ್ಲದಿದ್ದರೆ ಕೌದಿ ಬೆತ್ತಲೆ ಎಂದು ಅವರ ಮಾತು. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಪ್ರಾಧ್ಯಾಪಕರು ಈ ಹೆಂಗಸರ ಜೊತೆ ಕೆಲಸ ಮಾಡಿ, ಅವರ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಸೆಂಟರಿನಲ್ಲಿ ಪ್ರದರ್ಶನಗೊಂಡವು. ಸವಣೂರಿನ ದೊಡ್ಡಹುಣಸೆ ಮರಗಳೂ ಆಫ್ರಿಕಾ ಮೂಲದವೇ. ಆ ಮರ ನೋಡಲು ದೂರದೂರದಿಂದ ಬರುತ್ತಾರೆ. ಎರಡು ತಾಸಿನ ಹಾದಿಯಲ್ಲಿರುವ ಕೌದಿ ನೋಡಲು ನಮ್ಮಲ್ಲಿ ಎಷ್ಟು ಜನ ಹೋಗಿದ್ದೇವೆ?

ಇದೇ ಥರದ ಇನ್ನೊಂದು ಊರು ಅಮೆರಿಕದ ಅಲಬಾಮಾ ರಾಜ್ಯದಲ್ಲಿದೆ, ಗೀಸ್ ಬೆಂಡ್ ಎಂದು ಹೆಸರು. ಅಲ್ಲಿಯವರೂ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು. 1972ರಲ್ಲಿ ಅಲ್ಲಿನ ಹೆಂಗಸರಿಗೆ ಸಿಯರ್ಸ್ ಕಂಪನಿಗೆ ದಿಂಬಿನ ಕವರು ಹೊಲಿದುಕೊಡುವ ಕೆಲಸ ಸಿಕ್ಕಿತು. ಬಟ್ಟೆ ಕಾರ್ಡುರಾಯ್. ಕತ್ತರಿಸಿ ಉಳಿದ ತುಂಡುಗಳು ಮನೆಗೆ ಬಂದವು, ಆ ದಪ್ಪ ಬಟ್ಟೆಯ ಉದ್ದುದ್ದ ಪಟ್ಟಿಗಳಿಂದಲೇ ಕೌದಿಯ ಹೊಸ ರೂಪ ಹುಟ್ಟಿತು. ಅಂದರೆ ಡಿಸೈನ್ ತಂದದ್ದು ಕಂಪನಿಯ ಕಸ! ಅಬ್ಬಾಗೆ ಇದನ್ನು ಹೇಳಿದೆ. ಗೋಣಿಚೀಲವನ್ನು ಒಮ್ಮೆ ತಿರುಗಿ ನೋಡಿ, ಏನೂ ಮಾತಾಡದೆ ಮಷಿನ್ ತುಳಿಯತೊಡಗಿದರು. ಆ ಊರಿನ ಕೌದಿಗಳು 2002ರಲ್ಲಿ ದೊಡ್ಡ ಮ್ಯೂಸಿಯಂಗಳ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿಯ ಮೇಲೆ ಬಂದವು. ಅವುಗಳಲ್ಲಿ ಒಂದರ ಕಥೆ ನನ್ನನ್ನು ಬಿಡಲಿಲ್ಲ. ಮಿಸೌರಿ ಪೆಟ್‌ವೇ ಎಂಬಾಕೆ 1942ರಲ್ಲಿ ತೀರಿಕೊಂಡ ಗಂಡನ ಕೆಲಸದ ಬಟ್ಟೆಗಳನ್ನೇ ಹರಿದು ಕೌದಿ ಮಾಡಿದಳು. ನೆನಪನ್ನು ಫೋಟೋ ಮಾಡಿ ಗೋಡೆಗೆ ತೂಗುಹಾಕಲಿಲ್ಲ, ಹೊದ್ದುಕೊಂಡಳು.

ಹೊಲಿಯಲು ಶುರು ಮಾಡಿದ ಮೇಲೆ ನನ್ನ ಬಸ್ಸಿನ ಪ್ರಯಾಣ ಬದಲಾಯಿತು. ಸವಣೂರಿನಿಂದ ಶಿಗ್ಗಾಂವಿಗೆ ಬರುವಾಗ ಮೊದಲು ಮೊಬೈಲು ನೋಡುತ್ತಿದ್ದೆ, ಈಗ ಹೊಲ ನೋಡುತ್ತೇನೆ. ರಂಟೆ ಹೊಡೆದ ಹೊಲದಲ್ಲಿ ಸಾಲುಗಳು ಬದುವಿನ ಹತ್ತಿರ ಬಂದಾಗ ಅಡ್ಡಕ್ಕೆ ತಿರುಗುತ್ತವೆ. ಎತ್ತು ತಿರುಗಲು ಜಾಗ ಬೇಕು, ಅದಕ್ಕೆ ಹಾಗೆ. ಯಾರೂ ಚೆಂದಕ್ಕೆಂದು ಮಾಡಿದ್ದಲ್ಲ, ಆದರೆ ಚೆಂದವಾಗಿದೆ. ಅದನ್ನು ನೋಡಿದ ದಿನ ಮೂಲೆಯಲ್ಲಿ ಚೌಕುಳಿ ತುಂಡನ್ನು ಅಡ್ಡ ಹಾಕಿದೆ. ಸುಗ್ಗಿಯಲ್ಲಿ ರಸ್ತೆಯ ಅರ್ಧಕ್ಕೆ ಗೋವಿನಜೋಳ ಹರವಿರುತ್ತಾರಲ್ಲ, ಬೈಕಿನವರಿಗೆ ಅದೊಂದು ತಲೆನೋವು ನಿಜ, ಆದರೆ ಕಪ್ಪು ಡಾಂಬರಿನ ಪಕ್ಕ ಆ ಹಳದಿಯನ್ನು ಕಣ್ತುಂಬ ನೋಡಿ. ಹೊಸಮನೆ ಕಟ್ಟಿಸುವವರು ಅಂಗಳಕ್ಕೆ ಒಡೆದ ಟೈಲ್ಸ್ ಹಾಕಿಸುತ್ತಾರೆ. ಆ ಚೂರುಗಳ ನಡುವೆ ಬಿಟ್ಟ ಸಿಮೆಂಟಿನ ದಾರಿಯನ್ನು ನಾನು ಒಂದು ಮಧ್ಯಾಹ್ನ ಕೂತು ನಕಲು ಮಾಡಿದ್ದೇನೆ. ಸವಣೂರಿನ ಪೇಟೆಯಲ್ಲಿ ವೀಳ್ಯದೆಲೆ ಮಾರುವವರು ಬುಟ್ಟಿಯಲ್ಲಿ ಎಲೆಯನ್ನು ಅಂಚಿನಿಂದ ಸುತ್ತಿ ಒಂದರ ಮೇಲೊಂದು ಅರ್ಧ ಮುಚ್ಚುವಂತೆ ಇಡುತ್ತ ನಡುವಿಗೆ ಬರುತ್ತಾರೆ. ನಾನಿ ಮಾಡುವುದೂ ಅದನ್ನೇ! ಹಾನಗಲ್ಲಿನ ತಾರಕೇಶ್ವರ ಗುಡಿಗೆ ಪ್ರವಾಸ ಹೋದಾಗ ಎಲ್ಲರೂ ಸೆಲ್ಫಿಯಲ್ಲಿದ್ದರು, ನಾನು ಛಾವಣಿಯ ಕಲ್ಲಿನ ಕಮಲ ನೋಡುತ್ತ ಕತ್ತು ನೋಯಿಸಿಕೊಂಡೆ. ಅಲ್ಲೂ ಕಲ್ಲಿನ ಸುತ್ತುಗಳು ಹೊರಗಿನಿಂದ ಒಳಕ್ಕೆ ಕಿರಿದಾಗುತ್ತ ಬರುತ್ತವೆ. ಎಲ್ಲೆಲ್ಲೂ ಕೌದಿಯೇ ಕಾಣುವ ರೋಗ ಹತ್ತಿದೆ ಎಂದು ಗೆಳತಿಯರು ನಗುತ್ತಾರೆ.

ಆದರೆ ನೋಡಿದ್ದನ್ನೆಲ್ಲ ಬಟ್ಟೆ ಒಪ್ಪುವುದಿಲ್ಲ. ಯೂನಿಫಾರ್ಮಿನ ಬಟ್ಟೆ ಟೆರಿಕಾಟ್. ಎಷ್ಟು ಒಗೆದರೂ ಮೆತ್ತಗಾಗುವುದಿಲ್ಲ, ಮಡಚಿದರೆ ನಿಲ್ಲುವುದಿಲ್ಲ, ನಾಲ್ಕು ಪದರು ಸೇರಿದರೆ ಸೂಜಿ ಹೊರಬರುವಷ್ಟರಲ್ಲಿ ಬೆರಳು ಕೆಂಪಾಗುತ್ತದೆ. ಈಗಿನ ಸೀರೆಗಳೂ ಹಾಗೇ, ಪಾಲಿಯೆಸ್ಟರ್ ಜಾರುತ್ತದೆ. ಕೌದಿ ಕಡಿಮೆಯಾದದ್ದು ಬರೀ ಮಿಂಕ್ ಬ್ಲಾಂಕೆಟ್ ಬಂದದ್ದರಿಂದ ಅಲ್ಲ ಎಂದು ನನಗನ್ನಿಸುತ್ತದೆ, ಹಳೆಯದಾಗುತ್ತ ಮೆತ್ತಗಾಗುವ ಬಟ್ಟೆಯೇ ನಮ್ಮ ಮನೆಗಳಿಂದ ಕಡಿಮೆಯಾಗಿದೆ. ಮೊದಲು ಕೌದಿ ಹೊಲಿದುಕೊಡುವ ಹೆಂಗಸರು ಓಣಿಗೆ ಬಂದು ಕಟ್ಟೆಯ ಮೇಲೆ ಕೂತು, ಕೂಲಿಗೂ ಕಾಳಿಗೂ ಹೊಲಿದು ಹೋಗುತ್ತಿದ್ದರಂತೆ. ಆಯಿ ಅವರಿಂದಲೇ ಕಲಿತದ್ದು. ನಾನು ಅವರನ್ನು ಒಮ್ಮೆಯೂ ನೋಡಿಲ್ಲ.

ಜಗಳವಾದದ್ದು ಆಪಾಳ ಯೂನಿಫಾರ್ಮಿನಿಂದ. ಅವಳ ಹತ್ತನೇ ತರಗತಿಯ ನೀಲಿ ಕುರ್ತಾ ಟ್ರಂಕಿನಲ್ಲಿ ಮಡಚಿಟ್ಟ ಹಾಗೇ ಇತ್ತು. ಅದನ್ನು ತಂದು ನನ್ನ ಮುಂದೆ ಹಾಕಿ "ಇದನ್ನೂ ಸೇರಿಸು" ಎಂದಳು. ನಾನಿ ಬೇಡವೆಂದರು. ಕೂಸಿನ ಮೈಗೆ ಒರಟು ಬಟ್ಟೆ ತಾಗಬಾರದು, ಮಗುವಿನ ಕೌದಿಗೆ ನಾನಿಯ ಸೀರೆಯೇ ಆಗಬೇಕು. ಅಮ್ಮಿಗೆ ಬೇರೆ ಚಿಂತೆ, ಇಷ್ಟು ಒಳ್ಳೆಯ ಬಟ್ಟೆಯನ್ನು ಯಾರಾದರೂ ಬಡ ಹುಡುಗಿಗೆ ಕೊಡಬಹುದಲ್ಲ ಎಂದು. ಆಪಾ ಯಾರಿಗೂ ಉತ್ತರ ಕೊಡಲಿಲ್ಲ. ಅಬ್ಬಾನ ಕತ್ತರಿ ತೆಗೆದುಕೊಂಡು ತಾನೇ ಕತ್ತರಿಸಿದಳು. ಅಳೆಯಲಿಲ್ಲ, ಗೆರೆ ಎಳೆಯಲಿಲ್ಲ. ಜೇಬನ್ನು ಮಾತ್ರ ಬಿಚ್ಚಲು ಬಿಡಲಿಲ್ಲ, ಅದು ಹಾಗೇ ಇರಲಿ ಎಂದಳು.

ಕೊನೆಗೆ ನಾನಿ ಒಂದು ದಾರಿ ಹುಡುಕಿದರು. ನೀಲಿ ಮೇಲುಗಡೆಗಷ್ಟೆ, ಮಗುವಿನ ಮೈಗೆ ತಾಗುವ ಕಡೆ ನಾನಿಯ ಹಳೆಯ ಹತ್ತಿ ಸೀರೆ, ನಡುವೆ ಮೆತ್ತನೆಯ ಎರಡು ಪದರು. ನೀಲಿ ಮೂರು ಬದಿಗೆ ಸಾಕಾಯಿತು, ನಾಲ್ಕನೆಯದಕ್ಕೆ ಸಾಲಲಿಲ್ಲ. ಅಲ್ಲಿ 2020ರ ಮಾಸ್ಕ್ ಬಟ್ಟೆಯ ಹೂವಿನ ತುಂಡುಗಳು ಬಂದವು. ನಾಲ್ಕೂ ಬದಿ ನೀಲಿಯಾಗಿದ್ದರೆ ಅದು ಬರೀ ಚೌಕಟ್ಟಾಗುತ್ತಿತ್ತು. ಈಗ ಆ ಒಂದು ಬದಿಯಿಂದ ಬೆಳಕು ಒಳಗೆ ಬಂದ ಹಾಗೆ ಕಾಣುತ್ತದೆ. ಇದನ್ನು ನಾನು ಯೋಚಿಸಿ ಮಾಡಿದೆ ಎಂದು ಹೇಳಿಕೊಳ್ಳಲಾರೆ.

ಮಧ್ಯಾಹ್ನ ಊಟವಾದ ಮೇಲೆ ಹೊಲಿಯಲು ಕೂರುತ್ತೇವೆ. ಈಗೀಗ ಸೂಜಿ ಆಪಾಳ ಕೈಯಲ್ಲೇ ಹೆಚ್ಚು, ಅವಳ ಹೊಲಿಗೆ ನನ್ನದಕ್ಕಿಂತ ಸಣ್ಣದು. ನನಗೆ ಪರೀಕ್ಷೆ ಹತ್ತಿರ ಇರುವುದರಿಂದ ಪಕ್ಕದಲ್ಲಿ ಕೂತು ಇತಿಹಾಸದ ಪಾಠ ಗಟ್ಟಿಯಾಗಿ ಓದುತ್ತೇನೆ. ಮೊದಲು ಅವಳು ಸುಮ್ಮನೆ ಕೇಳುತ್ತಿದ್ದಳು, ಆಮೇಲೆ ಪ್ರಶ್ನೆ ಕೇಳತೊಡಗಿದಳು. ಕೆಲವಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ, ಮರುದಿನ ಲೆಕ್ಚರರ್ ಹತ್ತಿರ ಕೇಳಿಕೊಂಡು ಹೋದೆ. ಹೋದ ವಾರ ದಾರವನ್ನು ಹಲ್ಲಿನಿಂದ ಕಡಿಯುತ್ತ, ಎಲ್ಲೋ ನೋಡುತ್ತ ಕೇಳಿದಳು. "ಪ್ರೈವೇಟಾಗಿ ಸೆಕೆಂಡ್ ಪಿಯುಸಿ ಕಟ್ತಾರಲ್ಲ, ಅದಕ್ಕೆ ಫಾರ್ಮ್ ಯಾವಾಗ ಬಿಡ್ತಾರೆ?" ಆರ್ಟ್ಸ್‌ಗೆ ಹಾಗೆ ಕಟ್ಟಬಹುದೆಂದು ಗೊತ್ತಿತ್ತು, ತಾರೀಖು ಗೊತ್ತಿರಲಿಲ್ಲ. ಆಫೀಸಿನಲ್ಲಿ ವಿಚಾರಿಸಿದ್ದೇನೆ. ಬೇಕಾದ ಕಾಗದಪತ್ರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಚೀಟಿ ಸದ್ಯ ಕೌದಿಯ ಜೇಬಿನಲ್ಲಿದೆ. ನಾನಿ ಅಲ್ಲಿ ರೊಟ್ಟಿಯ ಚೂರು ಇಡಬೇಕೆಂದಿದ್ದರು. ಕೌದಿಯ ಹೊಟ್ಟೆ ಬರಿದಾಗಿರಬಾರದು ಎಂಬುದು ಅವರ ರೂಢಿ.

ನಡುವೆ ಇನ್ನೂ ಒಂದು ಗೇಣಿನಷ್ಟು ಜಾಗ ಖಾಲಿ ಇದೆ. ಎಲ್ಲ ಸುತ್ತೂ ನೀಲಿ, ಬೂದು, ಬಿಳಿ ಆಗಿರುವುದರಿಂದ ಅಲ್ಲಿ ಕೆಂಪು ಬರಬೇಕೆಂದು ನಾನಿ, ಹಳದಿ ಬರಬೇಕೆಂದು ನಾನು. ನಮ್ಮ ಚೀಲದಲ್ಲಿ ಎರಡೂ ಇಲ್ಲ. ಓದುಗರ ಮನೆಯಲ್ಲಿ ಹಳೆಯ ಹತ್ತಿ ಬಟ್ಟೆಯ ತುಂಡು ಇದ್ದರೆ ದಯವಿಟ್ಟು ತಂದುಕೊಡಿ, ಸೆಕೆಂಡ್ ಇಯರ್ ಆರ್ಟ್ಸ್ ಕ್ಲಾಸಿನಲ್ಲಿ ಕಿಟಕಿಯ ಪಕ್ಕದ ಎರಡನೇ ಬೆಂಚಿನಲ್ಲಿ ಸಿಗುತ್ತೇನೆ. ಅಂಗೈ ಅಗಲ ಇದ್ದರೂ ನಡೆಯುತ್ತದೆ. ಟೆರಿಕಾಟ್ ಮಾತ್ರ ಬೇಡ.